ಹಳಿಯಾಳದ ಹುಡುಗಿಗೆ ದನಿ ಕೊಡಲು ಹೋದದ್ದು

ಪರದೇಶಕ್ಕೆ ಹೋಗಿ ಬಂದವರ ಬರಹಗಳಲ್ಲಿ ಗಾಜಿನ ಹಿಂದೆ ಕೂತ ಅಧಿಕಾರಿಯೊಬ್ಬ ಇರಲೇಬೇಕು. ಪಾಸ್‌ಪೋರ್ಟಿನ ಫೋಟೊವನ್ನೂ ಎದುರಿನ ಮುಖವನ್ನೂ ಮತ್ತೆ ಮತ್ತೆ ನೋಡಿ, ಯಾಕೆ ಬಂದಿರಿ ಎಂದು ಕೇಳುವವನು. ನನಗೆ ಅಂಥವರು ಊರಿಗೊಬ್ಬರಂತೆ ಸಿಕ್ಕರು. ವಿಚಿತ್ರವೆಂದರೆ ನಾನು ಹೋದದ್ದು ಉತ್ತರ ಕನ್ನಡ ಜಿಲ್ಲೆಗೆ, ಮೈಸೂರಿನಿಂದ, ಸರ್ಕಾರಿ ಬಸ್ಸಿನಲ್ಲಿ. ನನ್ನ ಭಾಷೆಯನ್ನೇ ಆಡುವ ಜನ. ಆದರೂ ಅಲ್ಲಿದ್ದಷ್ಟು ದಿನವೂ ಅವರು ನನ್ನನ್ನು ಸಂಶಯದಿಂದ ನೋಡಿದರು. ನಾನು ನನ್ನನ್ನು ಕರೆದುಕೊಂಡು ಹೋದವನನ್ನು ಸಂಶಯದಿಂದ ನೋಡಿದೆ. ಅದಕ್ಕೇ ನನ್ನ ಲೆಕ್ಕದಲ್ಲಿ ಇದು ಪರದೇಶ ಪ್ರವಾಸವೇ.

ನನ್ನ ಕೆಲಸ ದನಿ ಕೊಡುವುದು. ಬೇರೆ ಭಾಷೆಯ ಧಾರಾವಾಹಿಗಳು ಕನ್ನಡಕ್ಕೆ ಬಂದಾಗ ಪರದೆಯ ಮೇಲೆ ಯಾರೋ ಬಾಯಿ ಆಡಿಸುತ್ತಾರೆ, ನಾನು ಕತ್ತಲ ಕೋಣೆಯಲ್ಲಿ ಕೂತು ಮಾತಾಡುತ್ತೇನೆ. ಪ್ರಕಾಶ ಎಂಬ ಪ್ರೊಡಕ್ಷನ್ ಮ್ಯಾನೇಜರ್ ಒಂದು ದಿನ ಫೋನ್ ಮಾಡಿದ. ಬಿಜಾಪುರದ ಸುಲ್ತಾನರ ಕಾಲದ ಕಥೆಯೊಂದು ಧಾರಾವಾಹಿಯಾಗುತ್ತಿದೆ, ಅದರಲ್ಲಿ ಒಬ್ಬ ಹಬ್ಶಿ, ಎಂದರೆ ಆಫ್ರಿಕಾ ಮೂಲದ ಸೇನಾಧಿಪತಿ, ಅವನ ಬಳಿ ಬಂದು ಸೇರುವ ಒಬ್ಬ ಹುಡುಗಿ. ಆ ಪಾತ್ರಕ್ಕೆ ಹಳಿಯಾಳದ ಕಡೆಯ ಸಿದ್ದಿ ಹುಡುಗಿಯನ್ನೇ ಆರಿಸಿದ್ದಾರಂತೆ. "ನೀವು ಬಂದು ಅವಳಿಗೆ ಸ್ವಲ್ಪ ಮಾತು ಕಲಿಸಬೇಕು ಮೇಡಂ," ಎಂದ. ಸಂಭಾಷಣೆ ಕಳಿಸಿ, ಓದಿಕೊಳ್ಳುತ್ತೇನೆ ಎಂದೆ. "ಬರುತ್ತೆ ಮೇಡಂ," ಎಂದ. ಬರಲಿಲ್ಲ. ನಾನು ಹೊರಟೆ.

ದಾಂಡೇಲಿ

ರೆಸಾರ್ಟುಗಳೆಲ್ಲ ಕಾಳಿ ನದಿಯಲ್ಲಿ ದೋಣಿ ಓಡಿಸಲು ಬಂದವರಿಂದ ತುಂಬಿದ್ದವು. ಪ್ರಕಾಶ ನನ್ನನ್ನು ಕಾಗದದ ಕಾರ್ಖಾನೆಯ ಕೆಲಸಗಾರರೊಬ್ಬರ ಮನೆಯಲ್ಲಿ ಇಳಿಸಿದ. ಮನೆಯಾಕೆ ಶಾಂತಕ್ಕ ಬೆಳಗಾವಿ ಜಿಲ್ಲೆಯವರು. ಗಂಡ ಪಾಳಿ ಮುಗಿಸಿ ಬಂದು ಒಳಗೆ ಮಲಗಿದ್ದರು.

ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದಾಗ ತಲೆಯ ಮೇಲೆ ಉಸಿರುಗಟ್ಟಿದ ಯಂತ್ರದಂಥ ಸದ್ದು ಕೇಳಿ ಬಗ್ಗಿದೆ. ಏನೂ ಬೀಳಲಿಲ್ಲ. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯೊಂದು ರೆಕ್ಕೆ ಬಡಿಯುತ್ತ ದಾಟಿ ಹೋಗಿತ್ತು. ಕಾಗೆ ಹಾರಿದರೆ ಕೇಳಿಸದ ಊರಿನಿಂದ ಬಂದವಳು ನಾನು. ಹಕ್ಕಿಯ ರೆಕ್ಕೆಗೆ ಇಷ್ಟು ಸದ್ದಿರುತ್ತದೆಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಶಾಂತಕ್ಕ ರೊಟ್ಟಿ ಬಡಿಯುತ್ತಲೇ ವಿಚಾರಣೆ ಶುರು ಮಾಡಿದರು.

"ಏನ್ ಕೆಲಸದ ಮ್ಯಾಲ ಬಂದೀರಿ?"

"ಒಂದು ಧಾರಾವಾಹಿ ಕೆಲಸ ಅಕ್ಕಾ."

ಬಡಿಯುತ್ತಿದ್ದ ಕೈ ನಿಂತಿತು. "ಮತ್ತ ಶೂಟಿಂಗಾ? ಈ ಸಲಾ ಯಾರಿಗೆ ಎಲಿ ಉಡಸವ್ರು?"

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. "ಹಿಂದಕ ಒಂದು ಸಿನಿಮಾದವ್ರು ಬಂದಿದ್ರು. ಇಲ್ಲೆ ನಮ್ಮ ಜೋಡಿ ಕೆಲಸಕ್ಕ ಹೋಗೂ ಸಿದ್ದಿ ಮಂದಿಗೆ ಎಲಿ ಉಡಿಸಿ, ಮಾರಿಗೆ ಬಿಳೇ ಬಣ್ಣಾ ಬಳದು, ಹೀರೋನ್ನ ಗಿಡಕ್ಕ ಕಟ್ಟಿ ಸುತ್ತಾ ಕುಣೀರಿ ಅಂದ್ರು. ಒಬ್ಬಾಂವ ಕಾಲಿಗೆ ಮುಳ್ಳು ಚುಚ್ಚಿ 'ಯವ್ವಾ' ಅಂದಾ. 'ಏ, ಕನ್ನಡಾ ಮಾತಾಡಬ್ಯಾಡೋ' ಅಂತ ಬೈದ್ರಂತ!" ಹೇಳಿ ನಕ್ಕರು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದರು. "ನೀವು ಹಂಗ ಮಾಡವ್ರಲ್ಲಲ್ಲಾ?"

"ಇಲ್ಲಕ್ಕಾ. ನಾನು ಮಾತು ಕಲಿಸಲು ಬಂದಿರುವುದು."

"ಹುಟ್ಟಿದಾಗಿಂದ ಮಾತಾಡವ್ರಿಗೆ ಏನ್ ಮಾತು ಕಲಸ್ತೀರಿ?" ಎಂದು ಅವರು ಹಂಚಿನ ಕಡೆ ತಿರುಗಿದರು.

ಊರಿನಲ್ಲಿರುವ ನನ್ನವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಸಿದ್ದಿಗಳ ಹಿರಿಯರು ಆಫ್ರಿಕಾದವರು. ಶತಮಾನಗಳ ಹಿಂದೆ ಅವರಲ್ಲಿ ಹಲವರನ್ನು ಪೋರ್ಚುಗೀಸರು ಹಡಗುಗಳಲ್ಲಿ ಗೋವೆಗೆ ತಂದು ಗುಲಾಮರಾಗಿ ದುಡಿಸಿದರು. ಬೇರೆ ಕೆಲವರು ಬಿಜಾಪುರದ ಸೇನೆಯಲ್ಲಿ ಸೇರಿ ದೊಡ್ಡ ಹುದ್ದೆಗೇರಿದರು. ಗೋವೆಯಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಾಡು ಸೇರಿದರು. ಅವರ ಮಕ್ಕಳ ಮಕ್ಕಳು ಇಂದು ಕ್ರೈಸ್ತರು, ಹಿಂದೂಗಳು, ಮುಸಲ್ಮಾನರು. ಹೊಲ ಗೇಯುತ್ತಾರೆ, ಕೂಲಿ ಮಾಡುತ್ತಾರೆ, ಕಾಲೇಜಿಗೆ ಹೋಗುತ್ತಾರೆ. ಇದನ್ನೆಲ್ಲ ನಾನು ಓದಿಕೊಂಡು ಬಂದಿದ್ದೆ.

ಜೊಯಿಡಾ, ಅನಮೋಡ

ಮರುದಿನ ಬೆಳಿಗ್ಗೆ ಹಳಿಯಾಳಕ್ಕೆ ಹೋಗುತ್ತೇವೆಂದುಕೊಂಡು ಜೀಪು ಹತ್ತಿದರೆ ಪ್ರಕಾಶ ಎದುರು ದಿಕ್ಕಿಗೆ ಬಿಡಿಸಿದ. ಯಾಕೆಂದು ಕೇಳಿದೆ. "ಗೋವಾದಿಂದ ಸ್ವಲ್ಪ ಸಾಮಾನು ಬರ್ತಿದೆ ಮೇಡಂ, ಬಾರ್ಡರ್‌ನಲ್ಲಿ ತಗೊಂಡು ಬರೋಣ." ಏನು ಸಾಮಾನು? "ಪ್ರಾಪರ್ಟಿ." ಅಷ್ಟೇ. ಅವನ ಮಾತುಗಳು ಯಾವಾಗಲೂ ಹೀಗೆ, ಕೇಳಿದ್ದಕ್ಕಿಂತ ಒಂದು ಅಳತೆ ಚಿಕ್ಕವು.

ಜೀಪು ಓಡಿಸುತ್ತಿದ್ದ ಪಾಂಡುರಂಗ ಜೊಯಿಡಾದವನು. ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಕನ್ನಡ, ಫೋನಿನಲ್ಲಿ ಮರಾಠಿ. ದಾರಿಯುದ್ದಕ್ಕೂ ಸಿನಿಮಾ ಕಥೆ ಹೇಳಿದ. ಆ ತಿರುವಿನಲ್ಲಿ ಹೀರೋ ಬೈಕಿನಿಂದ ಬಿದ್ದ, ಈ ಸೇತುವೆಯ ಮೇಲೆ ವಿಲನ್ ಸತ್ತ. ಅಣೆಕಟ್ಟಿನ ನೀರು ಮರಗಳ ಸಂದಿಯಲ್ಲಿ ಕಂಡಾಗ, "ಹಳೇ ಸೂಪಾ ಊರು ಇದರ ಬುಡಕ್ಕ ಐತ್ರಿ. ನಮ್ಮ ಅಜ್ಜಾ ಅಲ್ಲೆ ಡೇರೇದಾಗ ಸಿನಿಮಾ ನೋಡಿದ್ದಾ. ಈಗ ಆ ಜಾಗಾದಾಗ ಮೀನ ಅದಾವ," ಎಂದ. ಇವನು ಎಷ್ಟು ಕಟ್ಟಿ ಹೇಳುತ್ತಿದ್ದಾನೆ, ಎಷ್ಟು ನಿಜ ಎಂದು ನನಗೆ ತಿಳಿಯಲಿಲ್ಲ. ಊರು ಮುಳುಗಿದ್ದು ಮಾತ್ರ ನಿಜವಾಗಿತ್ತು.

ಜೊಯಿಡಾದಲ್ಲಿ ಚಹಾ ಕುಡಿದೆವು. ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳು ಯಾವ ಆಫೀಸಿಗೆ ಬಂದಿರಿ ಎಂದು ಕೇಳಿದಳು. ಹೊರಗಿನವರು ಆ ಊರಿಗೆ ಬರುವುದೇ ಆಫೀಸಿಗಂತೆ. ಯಾವ ಆಫೀಸಿಗೂ ಅಲ್ಲ ಎಂದಾಗ ಅವಳು ತನ್ನ ಚೀಲವನ್ನು ಮೆಲ್ಲಗೆ ಈಚೆ ಎಳೆದುಕೊಂಡಳು.

ಅನಮೋಡದಲ್ಲಿ ಗೋವೆಯ ಕಡೆಯಿಂದ ಬಂದ ವ್ಯಾನಿನಿಂದ ಎರಡು ಟ್ರಂಕುಗಳನ್ನು ನಮ್ಮ ಜೀಪಿಗೆ ಹಾಕಿಕೊಂಡೆವು. ಗಡಿಯ ತಪಾಸಣೆಯಲ್ಲಿ ಪೇದೆಯೊಬ್ಬರು ತಡೆದರು. ಗೋವೆಯಿಂದ ಬರುವ ಟ್ರಂಕಿನಲ್ಲಿ ಬಾಟಲಿಯಲ್ಲದೆ ಇನ್ನೇನು ಇರುತ್ತದೆ ಎಂಬ ಅನುಮಾನ ಅವರದು. ಪ್ರಕಾಶ ತೆಗೆಯಲು ಹಿಂದೆಮುಂದೆ ನೋಡಿದ. ಅದರಿಂದ ಅನುಮಾನ ಇನ್ನೂ ಬಲವಾಯಿತು. ಮುಚ್ಚಳ ತೆಗೆದಾಗ ಅಲ್ಲಿದ್ದದ್ದು ಒಣಹುಲ್ಲಿನ ಲಂಗಗಳು, ಮೂಳೆಯ ಹಾಗೆ ಕಾಣುವ ಸರಗಳು, ಮುಖಕ್ಕೆ ಬಳಿಯುವ ಕಪ್ಪು ಬಣ್ಣದ ಡಬ್ಬಿಗಳು, ಅವುಗಳ ಕೆಳಗೆ ಸುರುಳಿ ಸುತ್ತಿದ ಸರಪಳಿಗಳು.

ಪೇದೆ ಸರಪಳಿಯೊಂದನ್ನು ಎತ್ತಿದರು. ಪ್ಲಾಸ್ಟಿಕ್ಕಿನದು, ಹಗುರ. "ಇದೇನ್ರಿ ಇದು? ಯಾರನ್ನ ಕಟ್ಟಿ ಹಾಕಾವ್ರು?"

"ನಾಟಕದ್ದು ಸರ್," ಎಂದ ಪ್ರಕಾಶ.

ಅವರು ನನ್ನತ್ತ ತಿರುಗಿದರು. "ಖರೇನೇನ್ರಿ ಬಾಯಾರ?"

ನಿಜ ಎಂದೆ. ಎಂದೋ ಜನ ಸರಪಳಿ ಹರಿದುಕೊಂಡು ಹತ್ತಿ ಬಂದ ಘಟ್ಟದ ಮೇಲೆ ನಿಂತು, ಅವರ ಮೊಮ್ಮಕ್ಕಳಿಗಾಗಿ ಸರಪಳಿ ಹೊತ್ತ ಜೀಪಿಗೆ ನಾನು ಸಾಕ್ಷಿ ಹೇಳುತ್ತಿದ್ದೆ. ವಾಪಸು ಬರುವಾಗ ಪ್ರಕಾಶನನ್ನು ಕೇಳಿದೆ: ಇವು ನಮ್ಮ ಹುಡುಗಿಗೋ? "ಅಯ್ಯೋ, ಗುಂಪಿನಲ್ಲಿ ಬರೋರಿಗೆ ಮೇಡಂ. ಅವಳದು ಮುಖ್ಯ ಪಾತ್ರ. ಎರಡು ಪುಟ ಡೈಲಾಗ್ ಇದೆ!" ಎಂದ. ಆ ದಿನ ಅವನಾಡಿದ ಅತಿ ಉದ್ದದ ಮಾತು ಅದು. ಅದಕ್ಕೇ ನಂಬಿಕೆ ಬರಲಿಲ್ಲ.

ಹಳಿಯಾಳ

ನಾನು ಮಾತು ಕಲಿಸಬೇಕಾಗಿದ್ದ ಹುಡುಗಿ ಫ್ಲೋರಾಳನ್ನು ಮೊದಲು ನೋಡಿದ್ದು ಕುಸ್ತಿಯ ಅಖಾಡದಲ್ಲಿ. ಮೈಸೂರಿನವಳಾದ ನನಗೆ ಕುಸ್ತಿ ಹೊಸದಲ್ಲ, ದಸರೆಯಲ್ಲಿ ಕಂಡಿದ್ದೇನೆ. ಆದರೆ ಹಳಿಯಾಳದಲ್ಲಿ ಹುಡುಗಿಯರೂ ಪಟ್ಟು ಹಿಡಿಯುತ್ತಾರೆ. ಸುತ್ತಲಿನ ಹಳ್ಳಿಯ ಅಜ್ಜಂದಿರು ಬಂದು ಕೂತು, ಯಾರ ಕಾಲು ಎಲ್ಲಿ ತಪ್ಪಿತೆಂದು ಕೂಗಿ ಹೇಳುತ್ತಾರೆ. ಫ್ಲೋರಾ ತನಗಿಂತ ದಪ್ಪನೆಯ ಹುಡುಗಿಯನ್ನು ಬೆನ್ನಿನ ಮೇಲಿಂದ ಎತ್ತಿ ಹಾಕಿ, ಎದ್ದು, ಕೂದಲು ಕಟ್ಟಿಕೊಂಡು ನಮ್ಮ ಬಳಿ ಬಂದಳು. ಬಿ.ಎ. ಕೊನೆಯ ವರ್ಷದಲ್ಲಿದ್ದಳು.

"ನೀವೇನ್ರಿ ನನಗ ಮಾತು ಕಲಸವ್ರು?" ಎಂದು ನಕ್ಕಳು. "ಬರ್ರಿ, ಮೊದಲ ನಮ್ಮವ್ವನ ಕೂಡ ಮಾತಾಡ್ರಿ. ಆಕಿ ಹೂಂ ಅಂದ್ರ ಎಲ್ಲಾ."

ಅವರ ಮನೆ ಪೇಟೆಯಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ. ಅಂಗಳದ ಹಗ್ಗದ ಮೇಲೆ ತುಂಡು ಬಟ್ಟೆಗಳನ್ನು ಜೋಡಿಸಿ ಹೊಲಿದ ಕೌದಿಗಳು ಒಣಗುತ್ತಿದ್ದವು. ಒಳಗೆ ಏಸುವಿನ ಪಟ, ಅದರ ಪಕ್ಕದಲ್ಲಿ ಹಿರಿಯರಿಗೆಂದು ಇಟ್ಟ ದೀಪ, ಅದರ ಪಕ್ಕದಲ್ಲಿ ಟೀವಿ. ತಾಯಿ ಜುಲಿಯಾನಾಬಾಯಿ ಹೊಲದಿಂದ ಬಂದು ಕಾಲು ತೊಳೆಯುತ್ತಿದ್ದರು. ಮಗಳೊಂದಿಗೆ ಕೊಂಕಣಿಯಂಥ ತಮ್ಮ ಮನೆಮಾತಿನಲ್ಲಿ ಏನೋ ಕೇಳಿ, ನನ್ನತ್ತ ತಿರುಗಿದರು.

ನಾನು ನಮಸ್ಕಾರ ಹೇಳಿ, ಯಾರೆಂದು, ಯಾಕೆ ಬಂದೆನೆಂದು, ಮಗಳಿಗೆ ಇದರಿಂದ ಒಳ್ಳೆಯದೇ ಆಗುತ್ತದೆಂದು ವಿವರಿಸತೊಡಗಿದೆ. ಅವರ ಹುಬ್ಬು ಗಂಟಾಯಿತು.

"ತಡೀರಿ. ನಿಮ್ಮ ದನಿ ಎಲ್ಲೋ ಕೇಳೇನಿ ನಾ."

"ಇರಬಹುದು. ನಾನು ಧಾರಾವಾಹಿಗಳಿಗೆ..."

"ಸೊಸಿ ಹಾಲಿನ್ಯಾಗ ವಿಷಾ ಹಾಕಿದಾಕಿ!" ಎಂದು ಅವರು ಎರಡು ಹೆಜ್ಜೆ ಹಿಂದೆ ಸರಿದರು. "ಏ ಫ್ಲೋರಾ, ಆ ಅತ್ತಿ ಈಕೀನ ನೋಡ!"

ಅಕ್ಕಪಕ್ಕದ ಹೆಂಗಸರು ಬಂದು ನಿಂತರು. ಆ ಅತ್ತೆಯ ಪಾತ್ರಕ್ಕೆ ವರ್ಷಗಟ್ಟಲೆ ದನಿ ಕೊಟ್ಟವಳು ನಾನೇ. ಎಲ್ಲರ ಬಲವಂತಕ್ಕೆ ಒಂದು ಮಾತು ಆಡಿ ತೋರಿಸಿದೆ. ಹೆಂಗಸರು ಕೇಕೆ ಹಾಕಿದರು. ಜುಲಿಯಾನಾಬಾಯಿ ನಗಲಿಲ್ಲ. "ಇದ ದನೀಲೆ ಆಕಿ ಸೊಸಿಗೆ 'ನಿನ್ನ ಒಳ್ಳೇದಕ್ಕ ಹೇಳ್ತೇನಿ' ಅಂತಿದ್ಲು," ಎಂದರು. "ಈಗ ನೀವೂ ಅದನ್ನ ಹೇಳಾಕತ್ತೀರಿ."

ಮುಖ ನೋಡಿ ಅನುಮಾನಪಟ್ಟರೆ ನಕ್ಕು ತೋರಿಸಬಹುದು. ದನಿಯನ್ನೇ ಅನುಮಾನಿಸುವವರಿಗೆ ದನಿಯಿಂದಲೇ ಸಮಾಧಾನ ಹೇಳಬೇಕು.

"ಎಲಿ ಉಡಸೂದಿಲ್ಲಲ್ಲಾ?" ಎಂದು ಅವರು ಪ್ರಕಾಶನನ್ನು ಕೇಳಿದರು. ಇಲ್ಲ ಎಂದ. "ಸರಪಳಿ?" ಇಲ್ಲ ಎಂದ. ನಾನು ಬಾಯಿ ಹಾಕಿದೆ. "ಟ್ರಂಕಿನಲ್ಲಿ ಸರಪಳಿ ಇದೆ, ಹುಲ್ಲಿನ ಲಂಗವೂ ಇದೆ. ಫ್ಲೋರಾಗಲ್ಲ ಅಂತ ಇವರು ಹೇಳಿದ್ದಾರೆ. ನನಗೆ ಗೊತ್ತಿರೋದು ಇಷ್ಟೇ." ಪ್ರಕಾಶ ನನ್ನನ್ನು ಸುಡುವ ಹಾಗೆ ನೋಡಿದ. ಜುಲಿಯಾನಾಬಾಯಿ ಮೊದಲ ಬಾರಿಗೆ ನನಗೆ ಕೂರಲು ಚಾಪೆ ಹಾಸಿದರು.

ಕೊನೆಗೆ ಫ್ಲೋರಾಳೇ ಕೇಳಿದಳು. "ನನಗ ಮಾತು ಐತಿಲ್ರಿ? ಸುಮ್ನ ನಿಲ್ಲೂದಾದ್ರ ನಾ ಒಲ್ಲೆ."

ಪ್ರಕಾಶ ಫೋನಿನಲ್ಲಿ ನಿರ್ದೇಶಕರನ್ನು ಕೇಳಿ ಒಂದು ಮಾತು ಬರೆಸಿಕೊಂಡ. ಸೇನಾಧಿಪತಿಯ ಎದುರು ನಿಂತು ಹುಡುಗಿ ಹೇಳುವುದು: "ನನ್ನನ್ನು ತಂದವರು ನನ್ನ ಹೆಸರನ್ನು ತರಲಿಲ್ಲ. ಅದನ್ನು ನಾನೇ ಹೇಳುತ್ತೇನೆ, ಕೇಳು." ಚೆನ್ನಾಗಿದೆ ಅನಿಸಿತು. ಫ್ಲೋರಾ ಹಾಗೆಯೇ ಹೇಳಿದಾಗ ಪರೀಕ್ಷೆಯ ಉತ್ತರ ಒಪ್ಪಿಸಿದಂತಿತ್ತು. ನಿನ್ನ ಮಾತಲ್ಲೇ ಹೇಳು ಎಂದೆ.

ಅವಳು ಕುಸ್ತಿಗೆ ನಿಲ್ಲುವ ಹಾಗೆ ಕಾಲೂರಿ ಹೇಳಿದಳು: "ನನ್ನ ತಂದವ್ರು ನನ್ನ ಹೆಸರು ತರಲಿಲ್ಲ. ನಾನ ಹೇಳ್ತೇನಿ, ಕೇಳು."

ನನ್ನ ವೃತ್ತಿಯಲ್ಲಿ ಅಂಥ ಮಾತು ಕಿವಿಗೆ ಬೀಳುವುದು ಅಪರೂಪ. ನಾನು ಕಲಿಸುವುದು ಏನೂ ಇರಲಿಲ್ಲ.

ಮುಂಡಗೋಡ

ಕ್ಯಾಮೆರಾ ಪರೀಕ್ಷೆ ಇದ್ದದ್ದು ಮುಂಡಗೋಡದಲ್ಲಿ. ಅಲ್ಲಿಯ ಟಿಬೆಟನ್ ಜನರ ಬೀದಿಗಳನ್ನು ಚೀನಾ ದೇಶವೆಂದು ತೋರಿಸುವ ಯೋಚನೆ ಬೇರೊಂದು ಧಾರಾವಾಹಿಗೆ ಇತ್ತಂತೆ. ಎರಡೂ ಕೆಲಸ ಒಟ್ಟಿಗೆ ಆಗಲೆಂದು ತಂಡ ಅಲ್ಲಿ ಬೀಡುಬಿಟ್ಟಿತ್ತು. ಫ್ಲೋರಾ, ಜುಲಿಯಾನಾಬಾಯಿ, ನಾನು ಮಧ್ಯಾಹ್ನದ ಹೊತ್ತಿಗೆ ತಲುಪಿದೆವು. ಟಿಬೆಟನ್ ಹೆಂಗಸೊಬ್ಬರ ಹೋಟೆಲಿನಲ್ಲಿ ಊಟ. ಕೆಂಪು ನಿಲುವಂಗಿಯ ಸನ್ಯಾಸಿಗಳು ಪಕ್ಕದ ಮೇಜಿನಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಹೋಟೆಲಿನಾಕೆ ನನ್ನ ತಟ್ಟೆ ನೋಡಿ, "ಯಾಕ್ರಿ, ಮೊಮೊ ಖಾರ ಆತೇನು? ಇನ್ನೊಂದೀಟು ಸೂಪ್ ಹಾಕ್ಲಿ?" ಎಂದು ಧಾರವಾಡದವರ ಹಾಗೆ ಉಪಚಾರ ಮಾಡಿದರು. ಮೈಸೂರಿನ ನನ್ನ ಕನ್ನಡವೊಂದೇ ಆ ಕೋಣೆಯಲ್ಲಿ ಹೊರಗಿನದು.

ಪರೀಕ್ಷೆಗೆ ಸನವಳ್ಳಿಯ ದಾರಿಯಲ್ಲಿ ಒಂದು ಗೋದಾಮು ಹಿಡಿದಿದ್ದರು. ತಂಡದವರು ಬೆಂಗಳೂರಿನಿಂದ ಕರೆತಂದ ಕಾವಲುಗಾರ ಬಾಗಿಲಲ್ಲಿ ಫ್ಲೋರಾಳನ್ನು ತಡೆದು, ಇಂಗ್ಲಿಷಿನಲ್ಲಿ ಯಾವ ದೇಶ ಎಂದು ಕೇಳಿದ. "ಹಳಿಯಾಳ ತಾಲೂಕು," ಎಂದಳು ಅವಳು. ಅವನು ನನ್ನನ್ನು ನೋಡಿದ, ಇದು ನಿಜವೇ ಎನ್ನುವಂತೆ.

ಒಳಗೆ ಅವಳಿಗೆ ಬಣ್ಣ ಹಚ್ಚಿದರು. ಅವಳ ಬಣ್ಣ ಸಾಲದೆಂದು ಇನ್ನಷ್ಟು ಕಪ್ಪು ಬಳಿದರು. ಕೊರಳಿಗೆ ಮೂಳೆಯ ಸರ ಬಂತು. ಜುಲಿಯಾನಾಬಾಯಿ ಗೋಡೆಗೆ ಒರಗಿ ನಿಂತು ಎಲ್ಲವನ್ನೂ ನೋಡುತ್ತಿದ್ದರು. ಅಷ್ಟರಲ್ಲಿ ಸೌಂಡಿನ ಹುಡುಗಿ ನನ್ನ ಬಳಿ ಬಂದು ಮೈಕು ಹಿಡಿದಳು. "ಮೇಡಂ, ನಿಮ್ಮದೊಂದು ಲೆವೆಲ್ ಕೊಡಿ, ಏನಾದರೂ ಮಾತಾಡಿ. ಇವರ ದನಿ ನಿಮ್ಮದೇ ತಾನೆ?"

"ಯಾರ ದನಿ?"

"ಫ್ಲೋರಾ ಅವರದು. ಅವರು ಆಫ್ರಿಕನ್ ಥರ ಏನೋ ಕೂಗ್ತಾರೆ, ಅದರ ಮೇಲೆ ನಿಮ್ಮ ಕನ್ನಡ ಬರುತ್ತಲ್ಲ. ಸರ್ ಹೇಳಲಿಲ್ವಾ?"

ನಿರ್ದೇಶಕರ ಬಳಿ ಹೋದೆ. ಚಿಕ್ಕ ವಯಸ್ಸಿನವರು, ವಿನಯವಂತರು, ಬಹಳ ದಣಿದಿದ್ದರು. "ಹೌದು ಮೇಡಂ. ನಿಮ್ಮ ದನಿ ಜನಕ್ಕೆ ಗೊತ್ತು. ಈ ಹುಡುಗಿ ಉತ್ತರ ಕರ್ನಾಟಕದ ಥರ ಮಾತಾಡಿದರೆ ಯಾರು ನಂಬ್ತಾರೆ? ಎರಡು ದಿನ ಅವಳ ಬಾಯಿ ನೋಡಿಕೊಂಡಿದ್ದರೆ ನಿಮಗೆ ಸುಲಭ ಅಂತಲೇ ಕರೆಸಿದ್ದು."

ಅಲ್ಲಿಗೆ ಪ್ರಕಾಶನ ಎಲ್ಲ ಚಿಕ್ಕ ಮಾತುಗಳೂ ಅರ್ಥವಾದವು. ನಾನು ಗೋಡೆಯ ಬಳಿ ಹೋಗಿ ಜುಲಿಯಾನಾಬಾಯಿಗೆ ಇದ್ದದ್ದನ್ನು ಹೇಳಿದೆ. ನಿಮ್ಮ ಮಗಳಿಗೆ ಮಾತಿಲ್ಲ. ಅವಳು ಬಾಯಿ ತೆರೆದಾಗ ಬರುವುದು ನನ್ನ ದನಿ.

ಅವರು ಕೂಗಾಡಲಿಲ್ಲ. "ನಿಮಗ ಮೊದಲ ಗೊತ್ತಿತ್ತೇನು?" ಎಂದು ಕೇಳಿದರು. ಗೊತ್ತಿರಲಿಲ್ಲ ಎಂದೆ. ನಂಬಿದರೋ ಇಲ್ಲವೋ, ಮಗಳನ್ನು ಕರೆದು ತಮ್ಮ ಮಾತಿನಲ್ಲಿ ಹೇಳಿದರು.

ಫ್ಲೋರಾ ದೀಪಗಳ ನಡುವೆ ಹೋಗಿ ನಿಂತಳು. "ಸರ್, ಈ ಕತಿ ಎಲ್ಲಿ ನಡೀತೈತ್ರಿ?"

"ಬಿಜಾಪುರದಲ್ಲಮ್ಮ."

"ಬಿಜಾಪುರದಾಗ ಮಂದಿ ಹೆಂಗ ಮಾತಾಡ್ತಾರ? ನನ್ನಂಗೋ, ಈ ಬಾಯಾರಂಗೋ?"

ಬೆಳಕು ಹಿಡಿದವನೊಬ್ಬ ಜೋರಾಗಿ ನಕ್ಕು ಬಾಯಿ ಮುಚ್ಚಿಕೊಂಡ. ನಿರ್ದೇಶಕರೂ ನಕ್ಕರು. "ನೀನು ಹೇಳೋದು ಸರಿ. ಆದರೆ ಚಾನೆಲ್‌ನವರು ಒಪ್ಪಲ್ಲ. ನಿನ್ನ ಮುಖ ಇಷ್ಟು ಚೆನ್ನಾಗಿದೆ, ಮಾತು ಯಾಕೆ ಬೇಕು?"

"ಒಂದ ಸಲಾ ನನ್ನ ಮಾತಿನ್ಯಾಗ ತಗೀರಿ. ನೋಡೂಣು."

ಅವರು ಒಪ್ಪಿದರು. ಅವಳು ಹೇಳಿದಳು. ನಿರ್ದೇಶಕರು ಪರದೆಯಲ್ಲಿ ಅದನ್ನು ಮತ್ತೆ ನೋಡಿದರು, ಮತ್ತೊಮ್ಮೆ ನೋಡಿದರು, ಕಣ್ಣುಜ್ಜಿಕೊಂಡರು. "ಚೆನ್ನಾಗಿದೆ," ಎಂದರು. "ಈಗ ಇನ್ನೊಂದು ತಗೋಳೋಣ. ಅರ್ಥ ಇಲ್ಲದ ಹಾಗೆ ಏನಾದರೂ ಕೂಗಮ್ಮ."

ಫ್ಲೋರಾ ಕೊರಳ ಸರ ತೆಗೆದು ಕುರ್ಚಿಯ ಮೇಲಿಟ್ಟು, ಮುಖ ತೊಳೆಯಲು ಹೊರಗೆ ಹೋದಳು. ನಾನೂ ದನಿ ಕೊಡುವುದಿಲ್ಲ ಎಂದೆ. ಪ್ರಕಾಶ ನಿಟ್ಟುಸಿರು ಬಿಟ್ಟ. "ನೀವು ಬೇಡ ಅಂದ್ರೆ ಇನ್ನೊಬ್ಬರು ಬರ್ತಾರೆ ಮೇಡಂ. ಅವಳು ಬೇಡ ಅಂದ್ರೆ ಯಾರಿಗಾದರೂ ಬಣ್ಣ ಹಚ್ತಾರೆ." ಅವನು ಆಡಿದ ಮಾತುಗಳಲ್ಲಿ ಅದೊಂದನ್ನು ಪೂರ್ತಿಯಾಗಿ ನಂಬಿದೆ. ಮುಂದೆ ಹಾಗೆಯೇ ಆಯಿತು ಕೂಡ.

ಮತ್ತೆ ಹಳಿಯಾಳ

ಜೀಪು ನಮಗಿರಲಿಲ್ಲ. ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತೆವು. ಫ್ಲೋರಾಳ ಕಿವಿಯ ಹಿಂದೆ ಇನ್ನೂ ಬಣ್ಣ ಉಳಿದಿತ್ತು. ಜುಲಿಯಾನಾಬಾಯಿ ಸೆರಗಿನಿಂದ ಅದನ್ನು ಉಜ್ಜುತ್ತ ಕೇಳಿದರು:

"ನೀವ್ಯಾಕ ನಮ್ಮ ಜೋಡಿ ಬರಾಕತ್ತೀರಿ?"

"ನನ್ನ ಬ್ಯಾಗು ದಾಂಡೇಲಿಯಲ್ಲಿದೆ. ಹಳಿಯಾಳದಲ್ಲಿ ಬಸ್ಸು ಬದಲಿಸಬೇಕು."

"ಅಷ್ಟನ?"

"ಅಷ್ಟೇ."

ಈ ಉತ್ತರ ಅವರಿಗೆ ಹಿಡಿಸಿತೆಂದು ಕಾಣುತ್ತದೆ. ಒಳ್ಳೆಯ ಉದ್ದೇಶವೇನಾದರೂ ಹೇಳಿದ್ದರೆ ದಾರಿಯಲ್ಲೇ ಬಿಡುತ್ತಿದ್ದರೋ ಏನೋ. "ಉಂಡು ಹೋಗ್ರಿ ಹಂಗಾರ," ಎಂದರು.

ಸಂಜೆ ಅಂಗಳಕ್ಕೆ ಓಣಿಯ ಹೆಂಗಸರೆಲ್ಲ ಬಂದರು. ಏನಾಯಿತು, ಹೇಳು ಎಂದು ಫ್ಲೋರಾಳನ್ನು ಮುತ್ತಿದರು. ಅವಳು ಹೇಳಲಿಲ್ಲ, ಆಡಿ ತೋರಿಸಿದಳು. ಕಾವಲುಗಾರನಾದಳು, ಕಣ್ಣುಜ್ಜುವ ನಿರ್ದೇಶಕರಾದಳು. ಯಾರೋ ಒಳಗಿನಿಂದ ಡಮಾಮಿ ಡೋಲು ತಂದು ಬಾರಿಸಿದರು. ಈ ಡೋಲಿಗೆ ಅವರು ಕಾಡಿನ ಪ್ರಾಣಿಗಳನ್ನೂ ಗಾರ್ಡುಗಳನ್ನೂ ಸಾಹುಕಾರರನ್ನೂ ಅಣಕಿಸಿ ಕುಣಿಯುತ್ತಾರಂತೆ. ನೋಡನೋಡುತ್ತಿದ್ದಂತೆ ಅದೊಂದು ನಾಟಕವಾಯಿತು. ಒಬ್ಬಳು ಹಡಗಿನ ಕಪ್ತಾನ, ಒಬ್ಬಳು ಸುಲ್ತಾನ, ಕೌದಿ ಹೊದ್ದವಳು ಕುದುರೆ.

"ಗೋವಾದ ಪರಂಗಿ ದೊರಸಾನಿ ಯಾರು ಆಗವ್ರು?" ಎಂದು ಫ್ಲೋರಾ ಕೇಳಿದಳು. ಎಲ್ಲರೂ ನನ್ನತ್ತ ನೋಡಿದರು.

ನನ್ನನ್ನು ಎಳೆದು ನಡುವೆ ನಿಲ್ಲಿಸಿ, ತಲೆಗೊಂದು ಮೊರ ಹ್ಯಾಟಿನಂತೆ ಇಟ್ಟರು. ನಾನು ಗಂಟಲು ಸರಿಮಾಡಿಕೊಂಡೆ. ಪಾತ್ರ ಸಿಕ್ಕರೆ ಮಾತು ತಾನಾಗಿ ಬರುತ್ತದೆ, ಅದು ನನ್ನ ಕಸುಬು.

"ಊಂಹೂಂ," ಎಂದು ಜುಲಿಯಾನಾಬಾಯಿ ಕೈ ಎತ್ತಿದರು. "ನೀವು ಬಾಯಿ ತೆರೀಬ್ಯಾಡ್ರಿ. ನಿಮ್ಮ ಮಾತು ನಾ ಆಡ್ತೇನಿ."

ಅವರು ನನ್ನ ಹಿಂದೆ ಬಂದು ನಿಂತರು. ಆಮೇಲೆ ಹೊರಟ ದನಿ ನನ್ನದೇ ಎನ್ನುವಂತಿತ್ತು. ಶುದ್ಧ ಮೈಸೂರಿನ ಕನ್ನಡ, ಮೃದುವಾಗಿ, ನಯವಾಗಿ, ಒಂದಕ್ಷರ ತಪ್ಪದೆ: "ಅಯ್ಯೋ, ಈ ಹುಡುಗಿಗೆ ಮಾತು ಯಾಕೆ ಹೇಳಿ? ಮುಖ ಎಷ್ಟು ಚೆನ್ನಾಗಿದೆಯಲ್ಲ!"

ಅಂಗಳ ಬಿದ್ದು ಬಿದ್ದು ನಕ್ಕಿತು. ಹಾಗೆ ಹೇಳಿದವಳು ನಾನಲ್ಲ ಎನ್ನಲು ಹೊರಟೆ. ಫ್ಲೋರಾ ತುಟಿಯ ಮೇಲೆ ಬೆರಳಿಟ್ಟು ಕಣ್ಣರಳಿಸಿದಳು. ಡೋಲು ನಿಂತಿತು, ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಜುಲಿಯಾನಾಬಾಯಿ ಮುಂದಿನ ಮಾತು ಶುರು ಮಾಡಿದರು. ನಾನು ಅದಕ್ಕೆ ತುಟಿ ಆಡಿಸಿದೆ.